ಕೈಲೆ ತಿರುಗುವಷ್ಟು

ರಾಮದುರ್ಗ
11 ಫೆಬ್ರವರಿ 2024

ಬೈಲಹೊಂಗಲದ ನೀಲಪ್ಪನವರಿಗೆ ಶರಣು.

ಮೊಬೈಲಿನ ಲಿಲಾವಿನಲ್ಲಿ, ಅದೇ ಹರಾಜಿನಲ್ಲಿ, ನಿಮ್ಮ ಫಿಯೆಟ್ ಕಾರ್ಬೊರೇಟರ್ ಹಿಡಿದವನು ನಾನೇ, ವೀರಪ್ಪ. ಡಬ್ಬಿಯ ಮೇಲೆ ನಿಮ್ಮ ವಿಳಾಸವಿತ್ತು, ಅದಕ್ಕೇ ಈ ಕಾಗದ. ಸವಾಲು ಹಾಕಿದ್ದು ಮಾತ್ರ ನನ್ನ ಸೊಸೆ ಗಂಗಾ. ಕೊನೆಯ ಗಳಿಗೆಯಲ್ಲಿ ಪುಣೆಯವನೊಬ್ಬ ನುಗ್ಗಿ ಏರಿಸತೊಡಗಿದ. ಇನ್ನೊಂದು ಸಲ ಒತ್ತು ಎಂದು ನಾನು ಅವಳ ಬೆನ್ನು ಬಿದ್ದೆ. ಒತ್ತಿದಳು, ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ ಬೈದಳು: "ಮಾವಾರ, ಗುಜರಿಯಾಂವ ತೂಕದ ಮ್ಯಾಲೆ ಕೊಡೂ ಸಾಮಾನಿಗೆ ಶಾಣ್ಯಾ ಮಂದಿ ಹಿಂಗ ಜಗಳಾಡ್ತಾರಂದ್ರ ನಾ ನಂಬಾಂಗಿಲ್ರಿ!"

ನನ್ನದು ನಮ್ಮ ತಂದೆಯವರ ಕಾಲದ ಗಾಡಿ, ಈ ಕಡೆ ಡುಕ್ಕರ್ ಫಿಯೆಟ್ ಅನ್ನುತ್ತಾರಲ್ಲ, ಹಂದಿಯ ಮೂತಿಯದು. ಮಗ್ಗಗಳನ್ನು ಮಾರಿದ ಮೇಲೆ ಖಾಲಿ ಬಿದ್ದ ಶೆಡ್ಡಿನಲ್ಲಿ ಅದೊಂದೇ ನಿಂತಿದೆ. ನಾನೂ ಹೆಚ್ಚು ಕಡಿಮೆ ಅದರ ಹಾಗೇ ನಿಂತವನು. ಸೊಂಟದ ಎಲುಬು ಮುರಿದ ಮೇಲೆ ಡಾಕ್ಟರು ಬಸ್ಸು ಹತ್ತಬೇಡಿ ಎಂದಿದ್ದಾರೆ. ಮಣೆಯ ಮೇಲೆ ಕೂತು ರಿಪೇರಿ ಮಾಡುತ್ತೇನೆ.

ಇದುವರೆಗೆ ಲಿಲಾವಿನಲ್ಲಿ ತರಿಸಿದ ಯಾವ ಸಾಮಾನಿಗೂ ಬೋಲ್ಟು ಸರಿಯಾಗಿ ಬಂದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಳಿಸುತ್ತಾರೆ. ಅರ್ಧ ಇರುವುದಿಲ್ಲ, ಇದ್ದವು ಇನ್ಯಾವುದೋ ಗಾಡಿಯವು. ನಿಮ್ಮದರಲ್ಲಿ ಒಂದೊಂದು ಬೋಲ್ಟೂ ತನ್ನ ಜಾಗದಲ್ಲೇ ಕೂತಿತ್ತು, ಬೆರಳಿಗೆ ತಿರುಗುವಷ್ಟು ಸಡಿಲವಾಗಿ. ಕೆಲಸ ಬಲ್ಲವರ ಕೈ ಎಂದುಕೊಂಡೆ.

ಒಂದು ಮಾತು ಕೇಳಬೇಕಿತ್ತು. ಕಾರ್ಬೊರೇಟರ್ ಕೂಡಿಸಿದ ಮೇಲೆ ಪೆಟ್ರೋಲು ತುಂಬಿ ಹೊರಗೆ ಸೋರುತ್ತದೆ. ಯಾಕಿರಬಹುದು? ಫೋನು ಮಾಡಬೇಡಿ. ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿ, ಅದರಲ್ಲಿ ಈಗ ಏನೂ ಉಳಿದಿಲ್ಲ. ಕಾಗದ ಬರೆದರೆ ಉಪಕಾರ.

ವೀರಪ್ಪ


ಬೈಲಹೊಂಗಲ
20 ಫೆಬ್ರವರಿ 2024

ಶ್ರೀ ವೀರಪ್ಪನವರಿಗೆ ಜೈ ಭೀಮ್.

ನಾನು ನೀಲಪ್ಪನವರ ಮಗಳು ಸಂಘಮಿತ್ರಾ. ಸಂಪಗಾಂವದ ಆಸ್ಪತ್ರೆಯಲ್ಲಿ ನರ್ಸ್. ಹೋದ ದಸರೆಯ ಮುಂದೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಏಳುವುದಿಲ್ಲ, ಮಾತು ಒಡೆದೊಡೆದು ಬರುತ್ತದೆ. ಗ್ಯಾರೇಜು ಮುಚ್ಚಿದೆ. ಶೆಡ್ಡಿನಲ್ಲಿ ಉಳಿದ ಹಳೆಯ ಸಾಮಾನನ್ನು ನಾನೇ ಫೋಟೊ ತೆಗೆದು ಲಿಲಾವಿಗೆ ಹಾಕುತ್ತೇನೆ.

ನಿಮ್ಮ ಕಾಗದ ಓದಿ ಹೇಳಿದೆ. ಅಪ್ಪ ಅದನ್ನು ಎಡಗೈಯಲ್ಲಿ ಇಸಿದುಕೊಂಡು ನೋಡಿದರು. ಆಮೇಲೆ ಅಂದದ್ದನ್ನು ಹಾಗೇ ಬರೆಯುತ್ತೇನೆ, ಸಿಟ್ಟಾಗಬೇಡಿ: "ಅದರಾಗ ಫ್ಲೋಟ್ ಇರತೈತಿ, ತೇಲೂದು, ಹಿತ್ತಾಳಿದು. ತೂತ ಬಿದ್ದು ಒಳಗ ಪೆಟ್ರೋಲ ಹೊಕ್ಕಿದ್ರ ಮುಳಗತೈತಿ. ಬಿಚ್ಚಿ ಬಿಸಿನೀರಾಗ ಹಾಕಂತ ಹೇಳು. ಗುಳ್ಳಿ ಎದ್ದಲ್ಲೆ ತೂತ. ಇಷ್ಟೂ ನೋಡದ ಕೂಡಿಸ್ಯಾನೇನು, ಹುಚ್ಚಪ್ಪ!"

ನಾನು ಇದನ್ನು ನಗುತ್ತ ಬರೆಯುತ್ತಿಲ್ಲ. ಈ ನಾಲ್ಕು ತಿಂಗಳಲ್ಲಿ ಬೇಕು, ಬೇಡ ಎಂಬ ಎರಡು ಮಾತು ಬಿಟ್ಟು ಅಪ್ಪ ಮನೆಯಲ್ಲಿ ಏನೂ ಆಡಿರಲಿಲ್ಲ. ನನ್ನ ಜೊತೆಗೂ ಇಲ್ಲ. ನಾನು ಎಷ್ಟು ಮಾತಾಡಿಸಿದರೂ ಗೋಡೆಯ ಕಡೆ ತಿರುಗುತ್ತಿದ್ದರು. ನಿಮ್ಮ ಒಂದು ಪ್ರಶ್ನೆಗೆ ಇಷ್ಟುದ್ದ ಮಾತು ಬಂತು.

ಆದ್ದರಿಂದ ವಿನಂತಿ. ಗಾಡಿಯಲ್ಲಿ ಇನ್ನೇನಾದರೂ ಕೆಟ್ಟಿದ್ದರೆ ದಯವಿಟ್ಟು ಬರೆಯಿರಿ.

ಸಂಘಮಿತ್ರಾ


ರಾಮದುರ್ಗ
3 ಮಾರ್ಚ್ 2024

ನೀಲಪ್ಪನವರಿಗೆ ಶರಣು, ಸಂಘಮಿತ್ರಾ ತಂಗಿಗೆ ಆಶೀರ್ವಾದ.

ಹುಚ್ಚಪ್ಪನಿಗೆ ತೂತು ಸಿಕ್ಕಿತು. ಬಿಸಿನೀರಿನಲ್ಲಿ ಹಾಕಿದ ಕೂಡಲೇ ಒಂದೇ ಸಾಲಿನಲ್ಲಿ ಗುಳ್ಳೆ ಎದ್ದವು. ಗಂಗಾ ತನ್ನ ಒಳ್ಳೆಯ ಪಾತೇಲಿಯನ್ನು ಹಾಳು ಮಾಡಿದೆನೆಂದು ಎರಡು ದಿನ ನನಗೆ ಚಹಾ ತಂದುಕೊಡಲಿಲ್ಲ. ಅದನ್ನು ಬಿಟ್ಟರೆ ಎಲ್ಲ ಸರಿಯಾಯಿತು.

ಗಾಡಿಯಲ್ಲಿ ಕೆಟ್ಟದ್ದು ಏನಾದರೂ ಇದೆಯೇ ಎಂದು ಕೇಳಿದ್ದೀರಿ. ತಂಗಿ, ಕೆಡದೆ ಉಳಿದದ್ದು ಯಾವುದು ಎಂದು ಕೇಳಿದ್ದರೆ ಉತ್ತರ ಸಣ್ಣದಾಗುತ್ತಿತ್ತು. ಈಗಿನ ತಕರಾರು ಡೈನಮೋದ್ದು. ಬ್ಯಾಟರಿಗೆ ಕರೆಂಟು ಹೋಗುತ್ತಿಲ್ಲ. ನೀವು ಲಿಲಾವಿಗೆ ಹಾಕಿದ ಡೈನಮೋವನ್ನೂ ನಾನೇ ಹಿಡಿದಿದ್ದೇನೆ.

ವೀರಪ್ಪ


ಬೈಲಹೊಂಗಲ
15 ಮಾರ್ಚ್ 2024

ಶ್ರೀ ವೀರಪ್ಪನವರಿಗೆ ಜೈ ಭೀಮ್.

ಡೈನಮೋ ಕಳಿಸುವುದು ತಡವಾಯಿತು. ಬೋಲ್ಟುಗಳನ್ನು ತನ್ನ ಕೈಯಿಂದಲೇ ಜೋಡಿಸುವ ತನಕ ಅಪ್ಪ ಡಬ್ಬಿ ಮುಚ್ಚಗೊಡುವುದಿಲ್ಲ. ಇರುವುದು ಎಡಗೈ ಒಂದೇ. ಮಂಚದ ಮೇಲೆ ಪೇಪರು ಹಾಸಿ, ಸಾಮಾನನ್ನು ತೊಡೆಗೆ ಆನಿಸಿಕೊಂಡು ಒಂದೊಂದನ್ನೇ ತಿರುವುತ್ತಾರೆ. ಬೀಳುತ್ತದೆ, ಹುಡುಕುತ್ತಾರೆ. ನಾನು ಹಚ್ಚಲು ಹೋದರೆ ಕೈಗೆ ಹೊಡೆಯುತ್ತಾರೆ. "ಬೋಲ್ಟ್ ತನ್ನ ಮನ್ಯಾಗ ಇರಬೇಕು" ಎನ್ನುವುದು ಅವರ ಹಳೆಯ ಮಾತು. ಗ್ಯಾರೇಜಿಗೆ ಬಂದ ಎಲ್ಲ ಹುಡುಗರಿಗೂ ಮೊದಲು ಇದನ್ನೇ ಕಲಿಸುತ್ತಿದ್ದರು.

ಡೈನಮೋದ ವಿಷಯ ಅಪ್ಪ ಅಂದದ್ದು: "ಡೈನಮೋ ಬ್ಯಾಡಾಗಿತ್ತು ಅಂವಗ. ಪಟ್ಟಾ ಸಡ್ಲಾಗಿರತೈತಿ. ಹೆಬ್ಬಟ್ಟಿಲೆ ಒತ್ತಿದ್ರ ಒಂದ ಬೆರಳಿನಷ್ಟ ತಗ್ಗಬೇಕು, ಹೆಚ್ಚಿಲ್ಲ. ಮಗ್ಗ ನಡಸಿದಾಂವಗ ಪಟ್ಟಾ ಬಿಗಿಯೂದು ಗೊತ್ತಿಲ್ಲಂದ್ರ ಹೆಂಗ?"

ನನ್ನ ತಮ್ಮ ಸಾಗರ ಕಿತ್ತೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಭಾನುವಾರ ಬಂದಾಗಲೆಲ್ಲ ಒಂದೇ ಮಾತು: "ಅಕ್ಕಾ, ಒಂದೊಂದ ಮಾರಕೋಂತ ಕುಂತ್ರ ಮುಗಿಯೂದಲ್ಲ. ಎಲ್ಲಾ ಗುಜರಿಗೆ ಹಾಕಿ ಶೆಡ್ ಬಾಡಗಿಗೆ ಕೊಡೂಣು." ಅವನು ಹೇಳುವುದು ತಪ್ಪಲ್ಲ. ಆದರೆ ನಾನು ಬೇಕೆಂದೇ ಒಂದೊಂದನ್ನೇ ಹಾಕುತ್ತಿದ್ದೇನೆ. ಸಾಮಾನು ಮುಗಿದರೆ ಅಪ್ಪನ ಮಾತೂ ಮುಗಿಯುತ್ತದೆ ಎಂದು ನನಗೆ ಭಯ.

ಸಂಘಮಿತ್ರಾ


ರಾಮದುರ್ಗ
28 ಏಪ್ರಿಲ್ 2024

ನೀಲಪ್ಪನವರಿಗೆ ಶರಣು.

ಪಟ್ಟಾ ಸಡಿಲಾಗಿತ್ತು. ನೀವು ಹೇಳಿದಂತೆ ಬಿಗಿದೆ, ದೀಪ ಹತ್ತಿತು. ನನ್ನ ಮಾನ ಮಾತ್ರ ಹೋಯಿತು. ಮಗ್ಗಗಳು ಇದ್ದಿದ್ದರೆ ಅವೂ ನಗುತ್ತಿದ್ದವು.

ಬಿಸಿಲಿಗೆ ಶೆಡ್ಡಿನ ತಗಡು ಕಾಯುತ್ತದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಕೂತು ಎದ್ದು ಬಿಡುತ್ತೇನೆ. ನಡುವೆ ಮತ್ತೆ ಸೊಂಟದ ನೋವು ಬಂದು ಮಲಗಿದ್ದೆ, ಅದಕ್ಕೇ ಕಾಗದ ತಡ. ಮಲಗಿದಲ್ಲಿಂದಲೇ ಗಂಗಾಳ ಕೈಯಿಂದ ನಿಮ್ಮ ಪೆಟ್ರೋಲ್ ಪಂಪು ಹಿಡಿಸಿದೆ. ಪುಣೆಯವನು ಈ ಸಲ ಬೇಗ ಸೋತ. ಇಷ್ಟು ಹಟ ಮಾಡುವ ಮುದುಕ ಯಾರು ಎಂದು ಅವನೂ ಬೇಸತ್ತಿರಬೇಕು.

ನಿಮ್ಮ ಆರೋಗ್ಯ ಹೇಗಿದೆ, ಬರೆಯಿರಿ.

ವೀರಪ್ಪ


ಬೈಲಹೊಂಗಲ
12 ಮೇ 2024

ವೀರಪ್ಪನವರಿಗೆ.

ಚುನಾವಣೆಯ ಡ್ಯೂಟಿ ಈಗ ಮುಗಿಯಿತು. ಮತಗಟ್ಟೆಯ ಹೊರಗೆ ಔಷಧದ ಪೆಟ್ಟಿಗೆ ಇಟ್ಟುಕೊಂಡು ಬಿಸಿಲಿಗೆ ತಲೆ ತಿರುಗಿ ಬಂದವರಿಗೆ ನೀರು ಕುಡಿಸುವುದು ನನ್ನ ಕೆಲಸ. ಕಡೆಗೆ ನನಗೇ ತಲೆ ತಿರುಗಿತು. ಮನೆಗೆ ಬಂದರೆ ಅಪ್ಪ ಊಟ ಮಾಡಿರಲಿಲ್ಲ. ಅವರನ್ನು ನೋಡಿಕೊಳ್ಳುವ ಶಟ್ಟೆವ್ವ ಅಳುತ್ತ ಕೂತಿದ್ದಳು. ಅವಳ ಕೈಯ ತುತ್ತನ್ನು ಅಪ್ಪ ಉಗುಳಿದ್ದರು.

ಪಂಪು ಕಳಿಸಿದ್ದೇನೆ. ನೀವು ಈ ಸಲ ಗಾಡಿಯ ಬಗ್ಗೆ ಏನೂ ಕೇಳಿಲ್ಲ. ಆರೋಗ್ಯ ಕೇಳಿದ್ದೀರಿ. ಅದಕ್ಕೆ ಅಪ್ಪ ಉತ್ತರ ಕೊಡಲಿಲ್ಲ. ದಯವಿಟ್ಟು ಗಾಡಿಯ ಬಗ್ಗೆಯೇ ಕೇಳಿ.

ಸಂಘಮಿತ್ರಾ


ರಾಮದುರ್ಗ
30 ಜೂನ್ 2024

ನೀಲಪ್ಪನವರಿಗೆ ಶರಣು.

ತಂಗಿ ಬೈದದ್ದು ಸರಿಯಾಗಿದೆ. ಇನ್ನು ಗಾಡಿಯ ಮಾತೇ ಆಡುತ್ತೇನೆ.

ಗಾಡಿ ಚಾಲೂ ಆಯಿತು! ಸ್ಟಾರ್ಟರಿಗೆ ಕೈ ಹಚ್ಚಿದೆ, ಸ್ಟೇರಿಂಗು ನಡುಗಿತು, ಹೊಗೆ ಬಂತು. ಗಂಗಾ ಒಳಗಿನಿಂದ ಓಡಿ ಬಂದಳು. ನನಗೆ ಕೇಳಿಸಲಿಲ್ಲ, ಆದರೆ ಅವಳ ಮುಖ ನೋಡಿ ಸದ್ದು ಎಷ್ಟಿರಬೇಕೆಂದು ತಿಳಿದೆ. ಆದರೆ ಒಳಗೆ ಎಲ್ಲೋ ಟಕ್ ಟಕ್ ಎಂದು ಬಡಿಯುತ್ತದಂತೆ. ಎಲ್ಲಿ ಎಂದರೆ ಅವಳು, "ಎಲ್ಲಾ ಕಡೆನೂ ಬಡೀತೈತ್ರಿ ಮಾವಾರ, ನನ್ನ ತಲಿಯಾಗೂ ಬಡೀತೈತಿ" ಅನ್ನುತ್ತಾಳೆ. ಕಿವಿಯಿಲ್ಲದವನು ಈ ಸದ್ದಿನ ಜಾಗ ಹುಡುಕುವುದು ಹೇಗೆ?

ಇನ್ನೊಂದು ಪೆಟ್ರೋಲ್ ಪಂಪು ಹಾಕಿದ್ದಿರಿ, ಅದನ್ನೂ ಹಿಡಿದೆ.

ವೀರಪ್ಪ


ಬೈಲಹೊಂಗಲ
14 ಜುಲೈ 2024

ವೀರಪ್ಪ ಕಾಕಾರಿಗೆ ಜೈ ಭೀಮ್.

ಕಾಕಾ, ನಿಮ್ಮ ಗುಟ್ಟು ಬಯಲಾಯಿತು. ಎರಡನೆಯ ಪೆಟ್ರೋಲ್ ಪಂಪನ್ನು ನೀವೇ ಹಿಡಿದಿರಿ ಎಂದು ಹೇಳಿದ ಕೂಡಲೇ ಅಪ್ಪ ನಕ್ಕರು. ಬಾಯಿ ಸೊಟ್ಟಾಗಿದೆ, ಆದರೂ ನಗು ನಗುವೇ. "ಒಂದ ಗಾಡಿಗೆ ಎರಡ ಪಂಪ ಯಾರರ ಹಚ್ಚತಾರೇನು? ಅಂವಗ ಪಂಪ ಬೇಕಾಗಿಲ್ಲ, ಮಾತ ಬೇಕಾಗೇತಿ. ಕೊಡು, ಕೊಡು" ಅಂದರು. ಬೋಲ್ಟುಗಳನ್ನು ಮಾತ್ರ ಈ ಸಲವೂ ತಾವೇ ಹಚ್ಚಿದರು. ಒಂದನ್ನು ನಾನು ಬೋಲ್ಟು ತಿರುವುವ ಪಾನಾದಿಂದ ಸ್ವಲ್ಪ ಬಿಗಿ ಮಾಡಿದ್ದಕ್ಕೆ ಮತ್ತೆ ಸಡಿಲು ಮಾಡಿಸಿದರು.

ಟಕ್ ಟಕ್ ವಿಷಯ. ನಿಮ್ಮ ಕಿವಿಯ ಸುದ್ದಿಯನ್ನು ನಾನು ಮತ್ತೆ ನೆನಪಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಯೋಚಿಸಿದರು. ಆಮೇಲೆ ಅಂದರು: "ಕಿವಿ ಇಲ್ಲಂದ್ರ ಹಲ್ಲರ ಅದಾವಿಲ್ಲೋ? ಉದ್ದಂದು ಸ್ಕ್ರೂಡ್ರೈವರ್ ತಗೊಂಡು ಹಿಡಿಕಿ ಹಲ್ಲಾಗ ಕಚ್ಚಬೇಕು, ತುದಿ ಇಂಜಿನ್ನಿಗೆ ಹಚ್ಚಬೇಕು. ಒಂದೊಂದ ಕಡೆ ಇಟ್ಟ ನೋಡಬೇಕು. ಬಡಿಯೂದು ತಲಿಬುರುಡಿಯಾಗ ಬರತೈತಿ. ಎಲ್ಲೆ ಜೋರ, ಅಲ್ಲೆ ರೋಗ. ಫ್ಯಾನಿನಿಂದ ದೂರ ನಿಲ್ಲಲಿ. ಧೋತರ ಉಟ್ಕೊಂಡು ಹೋದ್ರ ಧೋತರದ ಕೂಡ ಅವನೂ ಒಳಗ ಹೊಕ್ಕಾನು."

ಇಷ್ಟು ಹೇಳಿ ದಣಿದು ಮಲಗಿದರು. ಏನಾಯಿತೆಂದು ಬೇಗ ಬರೆಯಿರಿ. ದಿನಾ ಸಂಜೆ ನಾನು ಬಸ್ಸಿಳಿದು ಬಂದ ಕೂಡಲೇ ನನ್ನ ಚೀಲದ ಕಡೆ ನೋಡುತ್ತಾರೆ.

ಸಂಘಮಿತ್ರಾ


ರಾಮದುರ್ಗ
4 ಆಗಸ್ಟ್ 2024

ನೀಲಪ್ಪನವರೇ, ನೀಲಪ್ಪನವರೇ!

ಕೇಳಿಸಿತು. ನನ್ನ ಮುಂದಿನ ಹಲ್ಲು ಕಟ್ಟಿಸಿದವು, ಅದಕ್ಕೇ ದವಡೆಯಲ್ಲಿ ಕಚ್ಚಿ ಹಿಡಿದೆ. ಧೋತರ ಬಿಚ್ಚಿಟ್ಟು ಮಗನ ಪ್ಯಾಂಟು ಹಾಕಿಕೊಂಡಿದ್ದೆ. ಮೊದಲು ಕೆಳಗೆ ಇಟ್ಟೆ, ಬರೀ ಗುಂಯ್ ಎಂದಿತು. ಮೇಲಿನ ಮುಚ್ಚಳದ ಹಿಂದಿನ ತುದಿಗೆ ಇಟ್ಟ ಕೂಡಲೇ ಟಕ್ ಟಕ್ ಟಕ್! ನನ್ನ ತಲೆಯೊಳಗೇ ಯಾರೋ ಬಾಗಿಲು ಬಡಿದ ಹಾಗೆ.

ಎಷ್ಟೋ ವರ್ಷಗಳಿಂದ ನನ್ನ ಪಾಲಿಗೆ ಎಲ್ಲವೂ ಮೂಕಾಗಿತ್ತು. ಹೆಂಡತಿ ಸೋಮವ್ವ ಕೊನೆಗೆ ಏನೋ ಅಂದಳು, ಅದೂ ನನಗೆ ಕೇಳಿಸಲಿಲ್ಲ. ಮೊನ್ನೆ ಸ್ಕ್ರೂಡ್ರೈವರ್ ಕಚ್ಚಿಕೊಂಡು ಅಲ್ಲೇ ನಿಂತುಬಿಟ್ಟೆ. ಮುಚ್ಚಳದ ಕೆಳಗಿನ ಟ್ಯಾಪೆಟ್ ಸಡಿಲು ಎಂದು ರೋಗ ಸಿಕ್ಕಿದ ಮೇಲೂ ಬಿಡಲಿಲ್ಲ. ಗಂಗಾ ಬಂದು ಗಾಡಿ ಬಂದ್ ಮಾಡಿದಳು. ನಾನು ಅಳುತ್ತಿದ್ದೆನಂತೆ, ನನಗೆ ಗೊತ್ತಾಗಿರಲಿಲ್ಲ.

ಇದನ್ನು ಅವರಿಗೆ ಪೂರ್ತಿ ಓದಿ ಹೇಳು ತಂಗಿ. ಏನಂದರು ಎಂದು ಬರೆ.

ವೀರಪ್ಪ


ರಾಮದುರ್ಗ
28 ಆಗಸ್ಟ್ 2024

ಸಂಘಮಿತ್ರಾ ತಂಗಿಗೆ.

ಕಾಗದ ಮುಟ್ಟಿತೋ ಇಲ್ಲವೋ? ಮಳೆಯಲ್ಲಿ ಟಪಾಲು ತಡವಾಗಿರಬಹುದು. ನವಿಲುತೀರ್ಥದಿಂದ ನೀರು ಬಿಟ್ಟಿದ್ದಾರೆ, ಮಲಪ್ರಭೆ ಇಲ್ಲಿ ತುಂಬಿ ಹರಿಯುತ್ತಿದ್ದಾಳೆ.

ಲಿಲಾವಿನಲ್ಲಿ ನಿಮ್ಮ ವಾಟರ್ ಪಂಪು ನಿನ್ನೆ ಕಂಡಿತು. ಹಿಡಿದೆ. ಪುಣೆಯವನು ಬರಲೇ ಇಲ್ಲ.

ಅಪ್ಪ ಹೇಗಿದ್ದಾರೆ? ಇದು ಗಾಡಿಯ ಪ್ರಶ್ನೆ ಅಲ್ಲ ಎಂದು ಗೊತ್ತು.

ವೀರಪ್ಪ


ಬೈಲಹೊಂಗಲ
22 ಸೆಪ್ಟೆಂಬರ್ 2024

ಶ್ರೀ ವೀರಪ್ಪನವರಿಗೆ ಜೈ ಭೀಮ್.

ಆಸ್ಪತ್ರೆಯಲ್ಲಿ ಜ್ವರದ ಸೀಜನ್. ಬಿಡುವು ಸಿಗಲಿಲ್ಲ, ಕ್ಷಮಿಸಿ.

ನಿಮ್ಮ ಆಗಸ್ಟಿನ ಕಾಗದ ಮುಟ್ಟಿತು. ಓದಿ ಹೇಳಿದೆ. ಅಪ್ಪ ನಕ್ಕರು. "ಛಲೋ ಆತು" ಅಂದರು.

ವಾಟರ್ ಪಂಪು ಕಳಿಸಿದ್ದೇನೆ.

ಸಂಘಮಿತ್ರಾ


ರಾಮದುರ್ಗ
13 ಅಕ್ಟೋಬರ್ 2024

ಸಂಘಮಿತ್ರಾ ತಂಗಿಗೆ ವೀರಪ್ಪ ಕಾಕಾ ಮಾಡುವ ಆಶೀರ್ವಾದ.

ಮೊನ್ನೆ ದಸರೆಯ ಖಂಡೇ ಪೂಜೆಗೆ ಪಾನಾ, ಸ್ಕ್ರೂಡ್ರೈವರ್ ಎಲ್ಲ ತೊಳೆದು ಇಟ್ಟಿದ್ದೆ. ಅವುಗಳ ಪಕ್ಕ ನೀನು ಕಳಿಸಿದ ವಾಟರ್ ಪಂಪನ್ನೂ ಇಡಬೇಕೆಂದು ಡಬ್ಬಿ ಒಡೆದೆ. ಬೋಲ್ಟುಗಳು ಪ್ಲಾಸ್ಟಿಕ್ ಚೀಲದಲ್ಲಿದ್ದವು.

ಆ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಪೂಜೆಗೆ ಹೊತ್ತಾಯಿತೆಂದು ಗಂಗಾ ಬಂದು ತೋಳು ಅಲುಗಿಸಿದಳು. "ನೀಲಪ್ಪನವರು ಹೋಗ್ಯಾರ, ಗಂಗಾ" ಅಂದೆ. ಯಾರು ಹೇಳಿದರು ಎಂದು ಕೇಳಿದಳು. ಚೀಲ ತೋರಿಸಿದೆ. ಬೈಯುವುದೇ ಅವಳ ಸ್ವಭಾವ, ಆದರೆ ಆವತ್ತು ಬೈಯಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತಳು.

ನಿನ್ನ ಕಾಗದ ಓದಿದಾಗಲೇ ನನಗೆ ಏನೋ ಕಸಿವಿಸಿಯಾಗಿತ್ತು. "ಛಲೋ ಆತು" ಎನ್ನುವ ಮನುಷ್ಯ ಅಲ್ಲ ಅವರು. ಅವರ ಕಾಗದದಲ್ಲಿ ನನಗೆ ಒಂದು ಬೈಗುಳ ಇಲ್ಲದೆ ಇರುತ್ತಿರಲಿಲ್ಲ. ಸದ್ದು ಕೇಳಿ ಅತ್ತವನಿಗೆ, ಅಳೂದ ಬಿಟ್ಟು ಟ್ಯಾಪೆಟ್ ಬಿಗಿಯೋ ಹುಚ್ಚಪ್ಪ ಎಂದು ಹೇಳಿಯೇ ಹೇಳುತ್ತಿದ್ದರು.

ನೀನು ಯಾಕೆ ಬರೆಯಲಿಲ್ಲ ಎಂದು ನಾನು ಕೇಳುವುದಿಲ್ಲ. ಗೊತ್ತಾಗುತ್ತದೆ. ಸೋಮವ್ವ ಹೋದ ಮೇಲೆ ನಾನೂ ಎಷ್ಟೋ ದಿನ ಹಾಲಿನವನಿಗೆ ಅವಳ ಪಾಲಿನ ಹಾಲನ್ನೂ ಸೇರಿಸಿಯೇ ಹೇಳುತ್ತಿದ್ದೆ. ಉತ್ತರ ಬರೆಯಲೇಬೇಕೆಂದೂ ಇಲ್ಲ.

ಪಂಪನ್ನು ವಾಪಸ್ಸು ಕಳಿಸುತ್ತಿದ್ದೇನೆ. ನನ್ನ ಗಾಡಿಯಲ್ಲಿ ಒಳ್ಳೆಯ ಪಂಪು ಇದೆ, ನಾನು ಹಿಡಿದದ್ದು ಯಾಕೆಂದು ನಿಮ್ಮ ಅಪ್ಪ ಆಗಲೇ ಹೇಳಿದ್ದಾರಲ್ಲ. ಚೀಲದ ಬೋಲ್ಟುಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ. ಒಂದು ಉಳಿದವಕ್ಕಿಂತ ಉದ್ದ, ಎಲ್ಲಿಯೂ ಕೂಡಲಿಲ್ಲ. ಕಡೆಗೆ ಕೆಳಗಿನ ಮೂಲೆಯಲ್ಲಿ ಅದರ ಮನೆ ಸಿಕ್ಕಿತು. ನನ್ನ ಕೈ ನಡುಗುತ್ತದೆ, ಸರಿಯಾಗಿ ಕೂತಿವೆಯೋ ನೋಡು. ಅವರ ಮಂಚದ ಹತ್ತಿರ ಇಡು.

ವೀರಪ್ಪ


ಬೈಲಹೊಂಗಲ
3 ನವೆಂಬರ್ 2024

ವೀರಪ್ಪ ಕಾಕಾ,

ಅಪ್ಪ ಆಗಸ್ಟ್ ಆರರಂದು ಬೆಳಿಗ್ಗೆ ತೀರಿಕೊಂಡರು. ಈ ಒಂದು ವಾಕ್ಯವನ್ನು ನಾನು ಆಸ್ಪತ್ರೆಯಲ್ಲಿ ಬೇರೆಯವರಿಗೆ ದಿನಾ ಬರೆದುಕೊಡುತ್ತೇನೆ. ನಿಮಗೆ ಬರೆಯಲು ಆಗಲಿಲ್ಲ.

ನಾನು ಡ್ಯೂಟಿಗೆ ಹೊರಟಿದ್ದೆ. ಅಪ್ಪ ಮಂಚದ ಮೇಲೆ ಪೇಪರು ಹಾಸಿಕೊಂಡು ವಾಟರ್ ಪಂಪಿನ ಬೋಲ್ಟುಗಳನ್ನು ಬಿಚ್ಚಿ, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಬಾಗಿಲು ದಾಟುವುದರೊಳಗೆ ಶಟ್ಟೆವ್ವ ಕೂಗಿದಳು. ಮಣ್ಣು ಮಾಡಿ ಬಂದ ಮರುದಿನ ನಿಮ್ಮ ಕಾಗದ ಬಂತು. ನಿಮಗೆ ಸದ್ದು ಕೇಳಿಸಿದ ಕಾಗದ. ಅದನ್ನು ಖಾಲಿ ಮಂಚದ ಮುಂದೆ ನಿಂತು ಪೂರ್ತಿ ಓದಿದೆ. ನೀವು ಹಾಗೆ ಹೇಳಿದ್ದಿರಿ.

ಆ ಪಂಪನ್ನು ನೋಡುತ್ತ ಮನೆಯಲ್ಲಿ ಇರುವುದು ಆಗಲಿಲ್ಲ. ಲಿಲಾವಿಗೆ ಹಾಕಿದೆ. ನೀವೇ ಹಿಡಿಯುತ್ತೀರಿ ಎಂದು ಗೊತ್ತಿತ್ತು. ಬೋಲ್ಟು ಹಚ್ಚಲು ಕೂತರೆ ಯಾವುದು ಎಲ್ಲಿಯದೆಂದು ತಿಳಿಯಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ನಾನು ಕಲಿಯಲಿಲ್ಲ. ಸಿಟ್ಟು ಬಂದು ಎಲ್ಲವನ್ನೂ ಚೀಲಕ್ಕೆ ತುಂಬಿದೆ.

ಕಾಕಾ, ನಾನು ಸತ್ಯ ಬರೆದರೆ ನೀವು ಗಾಡಿಯ ಬಗ್ಗೆ ಕೇಳುವುದು ನಿಲ್ಲುತ್ತಿತ್ತು. ನೀವು ಕೇಳುತ್ತಿರುವ ತನಕ ಅಪ್ಪ ಉತ್ತರ ಕೊಡಬೇಕಾದವರಾಗಿ ಉಳಿಯುತ್ತಿದ್ದರು. ಅಷ್ಟೇ ಆಸೆ.

ಈಗ ನನಗೆ ಸಾಕಾಗಿದೆ. ಸಾಗರನಿಗೆ ಹೂಂ ಅಂದೆ. ಹೋದ ಸೋಮವಾರ ಗುಜರಿಯವನ ಟೆಂಪೋ ಬಂತು. ಬಾಗಿಲು, ಗೇರ್ ಬಾಕ್ಸು, ದೀಪದ ಬಟ್ಟಲು ಎಲ್ಲ ಒಂದರ ಮೇಲೊಂದು ಎಸೆದರು. ಆ ಸದ್ದನ್ನು ನೀವು ಕೇಳದಿದ್ದದ್ದೇ ಒಳ್ಳೆಯದು. ಶೆಡ್ಡು ಗುಡಿಸುತ್ತಿರುವಾಗ ಟಪಾಲಿನವರು ನಿಮ್ಮ ಡಬ್ಬಿ ತಂದುಕೊಟ್ಟರು. ಟೆಂಪೋದವನು ನೋಡಿ, "ಅದನ್ನೂ ಹಾಕ್ರಿ ಅಕ್ಕಾರ, ಒಂದ ತೂಕದಾಗ ಹೋಗತೈತಿ" ಅಂದ. ಇದು ಮಾರುವುದಲ್ಲ ಎಂದೆ. ಅಪ್ಪ ಹೋದ ದಿನ ಕೂಡ ನಾನು ನರ್ಸಿನ ಹಾಗೇ ಇದ್ದೆ, ಎಲ್ಲರಿಗೂ ನೀರು ಕೊಡುತ್ತ ತಿರುಗಾಡಿದ್ದೆ. ಮೊನ್ನೆ ಖಾಲಿ ಶೆಡ್ಡಿನಲ್ಲಿ ಆ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಮನಸಾರೆ ಅತ್ತೆ.

ಆಮೇಲೆ ಬೋಲ್ಟುಗಳನ್ನು ನೋಡಿದೆ, ಅಪ್ಪನ ಹಾಗೆ ಎಡಗೈಯಿಂದಲೇ. ಎಲ್ಲವೂ ತಮ್ಮ ತಮ್ಮ ಮನೆಯಲ್ಲಿವೆ. ಆದರೆ ಆ ಉದ್ದನೆಯದು ತಿರುಗಲಿಲ್ಲ. ಕೈ ನಡುಗುತ್ತದೆಂದು ನೀವು ಪಾನಾ ಹಾಕಿ ಬಿಗಿದಿದ್ದೀರಿ ಕಾಕಾ. ಅಪ್ಪ ಏನನ್ನುತ್ತಿದ್ದರು ಎಂದು ನನಗೆ ಗೊತ್ತು, ಹಾಗೇ ಬರೆಯುತ್ತೇನೆ, ಸಿಟ್ಟಾಗಬೇಡಿ: "ಯಾಂವಲೇ ಅಂವ ಹುಚ್ಚಪ್ಪ, ಇಷ್ಟ ಬಿಗದಾಂವ? ಕೈಲೆ ತಿರುಗುವಷ್ಟ ಇಡಬೇಕೋ, ಮತ್ತೊಮ್ಮೆ ಬಿಚ್ಚೂದಿರತೈತಿ."

ಸಂಘಮಿತ್ರಾ